ನೀರು ‘ಸರಿ ಇದೆ’ ಅಂದರೆ ಸಾಲದು, ಎಷ್ಟಿದೆ ಅಂತ ಬರೆಯಬೇಕು

ಹೋದ ವರ್ಷ ಊರಿಗೆ ಹೋದಾಗ ನಮ್ಮ ನೀರುಗಂಟಿಯ ಹತ್ತಿರ ನೀರು ಪರೀಕ್ಷೆಯ ಪುಸ್ತಕ ಕೇಳಿದೆ. ಪಂಪ್‌ಮನೆಯಲ್ಲಿ ಸ್ಟಾರ್ಟರ್ ಪೆಟ್ಟಿಗೆಯ ಮೇಲಿದ್ದ ನೂರು ಪುಟದ ನೋಟ್‌ಬುಕ್ ತೆಗೆದು, ಧೂಳು ಒರೆಸಿ ಕೊಟ್ಟರು. ಒಳಗೆ ಸ್ಕೇಲ್ ಇಟ್ಟು ಎಳೆದ ಗೆರೆಗಳು. ತಾರೀಖು, ಕ್ಲೋರಿನ್, ಸಹಿ. ರೋಗಾಣು ಸಾಯಲಿ ಅಂತ ನೀರಿಗೆ ಹಾಕುವ ಕ್ಲೋರಿನ್‌ನ ಕಾಲಂನಲ್ಲಿ ಮೇಲಿಂದ ಕೆಳಗೆ ‘ಸರಿ ಇದೆ’, ‘ಸರಿ ಇದೆ’, ‘ಸರಿ ಇದೆ’. ಹದಿನಾಲ್ಕು ಪುಟ ತಿರುವಿದೆ. ಒಂದು ಕಡೆಯೂ ಅಂಕಿ ಇರಲಿಲ್ಲ.

‘ಎಷ್ಟು ಬಂತು ಅಂತ ಯಾಕಣ್ಣ ಬರೆದಿಲ್ಲ?’ ಅಂತ ಕೇಳಿದೆ. ‘ಸರಿ ಇದೆಯೋ ಇಲ್ವೋ ಅಂತ ಕೇಳ್ತಾರೆ, ಅದನ್ನೇ ಬರೀತೀನಿ’ ಅಂದರು. ಅವರದೇನೂ ತಪ್ಪಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಾರೆ. ತಪ್ಪು ಇರುವುದು ಕೇಳುವ ರೀತಿಯಲ್ಲಿ.

ಇದು ನಮ್ಮ ಪಂಚಾಯ್ತಿಯ ಸಮಸ್ಯೆ ಮಾತ್ರ ಅಂದುಕೊಂಡಿದ್ದೆ. ಆಮೇಲೆ ಅಮೆರಿಕದ ಕುಡಿಯುವ ನೀರಿನ ನಿಯಮಗಳನ್ನು ಓದುತ್ತಾ ಹೋದಾಗ ಗೊತ್ತಾಯಿತು, ಅಷ್ಟು ದೊಡ್ಡ ದೇಶವೂ ಸುಮಾರು ಐವತ್ತು ವರ್ಷ ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನೇ ಕೇಳಿಕೊಂಡು ಬಂದಿದೆ. 2024ರ ಮೇ ತಿಂಗಳಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ಆ ಪ್ರಶ್ನೆಯನ್ನು ಬದಲಿಸಿ ಹೊಸ ನಿಯಮ ಹೊರಡಿಸಿತು. ಅದರ ಪ್ರಕಾರ 2027ರಿಂದ ರಾಜ್ಯಗಳು ನೀರು ಮಿತಿ ದಾಟಿದೆಯೋ ಇಲ್ಲವೋ ಅಂತ ಹೇಳಿ ಸುಮ್ಮನಾಗುವ ಹಾಗಿಲ್ಲ. ಪರೀಕ್ಷೆಯಲ್ಲಿ ಬಂದ ಅಂಕಿಗಳನ್ನೇ ಪ್ರತಿ ವರ್ಷ ಕೊಡಬೇಕು. ಕೇಳೋಕೆ ಕಚೇರಿ ಕಾಗದದ ಸಣ್ಣ ಬದಲಾವಣೆ ಅನಿಸುತ್ತದೆ. ಆದರೆ ಜನರ ಆರೋಗ್ಯದ ಲೆಕ್ಕದಲ್ಲಿ ಇದು ತುಂಬಾ ದೊಡ್ಡ ವಿಷಯ ಅಂತ ನನಗೆ ಅನಿಸಿದೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಅಲ್ಲಿನ ವ್ಯವಸ್ಥೆ ಹೇಗಿದೆ ನೋಡೋಣ. 1974ರಲ್ಲಿ ಅಮೆರಿಕ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆ ತಂದಿತು. ಕನಿಷ್ಠ 15 ಸಂಪರ್ಕ ಇರುವ, ಇಲ್ಲವೇ ವರ್ಷಕ್ಕೆ ಕನಿಷ್ಠ 60 ದಿನ 25 ಜನಕ್ಕೆ ನೀರು ಕೊಡುವ ಯಾವುದೇ ಏರ್ಪಾಡು ಆ ಕಾಯ್ದೆಗೆ ‘ಸಾರ್ವಜನಿಕ ನೀರಿನ ವ್ಯವಸ್ಥೆ’. ನ್ಯೂಯಾರ್ಕ್ ನಗರದ ಜಲಮಂಡಳಿಯೂ ಅದೇ, ಹೆದ್ದಾರಿ ಪಕ್ಕದ ಒಂದು ಬೋರ್‌ವೆಲ್ ಇರುವ ಹೋಟೆಲೂ ಅದೇ. ದೇಶದಲ್ಲಿ ಇಂಥವು ಹತ್ತಿರಹತ್ತಿರ ಒಂದೂವರೆ ಲಕ್ಷ ಇವೆ. ವರ್ಷಪೂರ್ತಿ ಜನವಸತಿಗೆ ನೀರು ಕೊಡುವಂಥವು ಸುಮಾರು 50,000. ವ್ಯೋಮಿಂಗ್ ಬಿಟ್ಟು ಉಳಿದೆಲ್ಲ ರಾಜ್ಯಗಳೂ ತಮ್ಮಲ್ಲಿ ಈ ಕಾಯ್ದೆ ನಡೆಸುವ ಅಧಿಕಾರವನ್ನು ತಾವೇ ಪಡೆದುಕೊಂಡಿವೆ. ನೀರು ಕೊಡುವವರು ಮಾದರಿ ತೆಗೆದು ಲ್ಯಾಬ್‌ಗೆ ಕಳಿಸುತ್ತಾರೆ. ಲ್ಯಾಬ್ ವರದಿ ರಾಜ್ಯಕ್ಕೆ ಹೋಗುತ್ತದೆ. ರಾಜ್ಯ ಮೂರು ತಿಂಗಳಿಗೊಮ್ಮೆ ಕೇಂದ್ರಕ್ಕೆ ಕಳಿಸುತ್ತದೆ. ಏನನ್ನು? ಸೀಸದ ಲೆಕ್ಕದಂಥ ಕೆಲವನ್ನು ಬಿಟ್ಟರೆ ಮುಖ್ಯವಾಗಿ ಉಲ್ಲಂಘನೆಗಳನ್ನು. ಮಿತಿ ದಾಟಿದರೆ ಸುದ್ದಿ ಮೇಲೆ ಹೋಗುತ್ತದೆ. ದಾಟದಿದ್ದರೆ ಅಂಕಿ ರಾಜ್ಯದ ಕಡತದಲ್ಲೇ ಉಳಿಯುತ್ತದೆ.

‘ಮಿತಿ ದಾಟದಿದ್ದರೆ ಮತ್ತೇನು ತೊಂದರೆ?’ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ.

ಪಾವಗಡದಿಂದ ಒಂದು ಬಾಟಲಿ ನೀರು ತಂದೆವು ಅಂದುಕೊಳ್ಳಿ. ಅದರಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇದೆ ಅಂತಲೂ ಇಟ್ಟುಕೊಳ್ಳಿ. ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಅಂದರೆ ಈ ನೀರು ಕುಡಿಯೋಕೆ ಆಗುವುದಿಲ್ಲ. ಅದೇ ಬಾಟಲಿಯನ್ನು ಅಮೆರಿಕಕ್ಕೆ ತೆಗೆದುಕೊಂಡು ಹೋಗಿ. ಅಲ್ಲಿ 1986ರಲ್ಲಿ ಇಟ್ಟ ಕಡ್ಡಾಯ ಮಿತಿ 4 ಮಿಲಿಗ್ರಾಂ. 2 ದಾಟಿದರೆ ಜನಕ್ಕೆ ತಿಳಿಸಬೇಕು, ನಿಜ, ಆದರೆ 3 ಅಲ್ಲಿ ಉಲ್ಲಂಘನೆ ಅಲ್ಲ. ನೀರು ಅದೇ. ಮಗುವಿನ ಹಲ್ಲಿನ ಮೇಲೆ ಬೀಳುವ ಕಂದು ಕಲೆಯೂ ಅದೇ. ತೀರ್ಪು ಮಾತ್ರ ಬೇರೆ. ‘ಸರಿ ಇದೆ’ ಅಂತಷ್ಟೇ ಬರೆದಿಟ್ಟರೆ ಯಾವ ಮಿತಿಗೆ ಸರಿ ಅಂತ ಹೇಗೆ ಗೊತ್ತಾಗಬೇಕು?

ಮಿತಿಗಳು ಬದಲಾಗುತ್ತವೆ ಕೂಡ. ಅಮೆರಿಕದಲ್ಲಿ ಆರ್ಸೆನಿಕ್ ಅನ್ನುವ ವಿಷದ ಮಿತಿ ಎಷ್ಟೋ ದಶಕ 50 ಪಿಪಿಬಿ ಇತ್ತು. ಪಿಪಿಬಿ ಅಂದರೆ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು. 2001ರಲ್ಲಿ ಅದನ್ನು 10ಕ್ಕೆ ಇಳಿಸಿದರು, 2006ರ ಜನವರಿಯಿಂದ ಜಾರಿಗೆ ಬಂತು. ಹಾಗಾದರೆ 2005ರಲ್ಲಿ 40 ಪಿಪಿಬಿ ಇದ್ದ ನೀರು ಕುಡಿದವರ ಊರಿನ ವರದಿಯಲ್ಲಿ ಏನಿರುತ್ತಿತ್ತು? ಉಲ್ಲಂಘನೆ ಇಲ್ಲ ಅಂತ. ಒಂದು ವರ್ಷ ಕಳೆಯುವಷ್ಟರಲ್ಲಿ ಅದೇ ನೀರು ಅಪಾಯದ ಪಟ್ಟಿಗೆ ಬಂತು. ಹಳೆಯ ಅಂಕಿಗಳು ಇದ್ದರೆ ಯಾರು ಎಷ್ಟು ವರ್ಷ ಎಷ್ಟು ಆರ್ಸೆನಿಕ್ ಕುಡಿದರು ಅಂತ ಲೆಕ್ಕ ಹಾಕಬಹುದು. ‘ಉಲ್ಲಂಘನೆ ಇಲ್ಲ’ ಅನ್ನುವ ಪದದಿಂದ ಏನನ್ನೂ ಲೆಕ್ಕ ಹಾಕೋಕೆ ಆಗಲ್ಲ. ಇನ್ನೊಂದು ವಿಷಯ ಇದೆ. 1996ರ ತಿದ್ದುಪಡಿಯ ಪ್ರಕಾರ ಇಪಿಎ ಆರು ವರ್ಷಕ್ಕೊಮ್ಮೆ ತನ್ನ ಮಿತಿಗಳನ್ನು ಮತ್ತೆ ಪರಿಶೀಲಿಸಬೇಕು. ಅದಕ್ಕೆ ಬೇಕಾಗುವುದೇ ಮಿತಿಯ ಒಳಗಿರುವ ಈ ಅಂಕಿಗಳು. ಅವನ್ನು ಇಷ್ಟು ವರ್ಷ ರಾಜ್ಯಗಳಿಂದ ದಯವಿಟ್ಟು ಕೊಡಿ ಅಂತ ಕೇಳಿ ಪಡೆಯುತ್ತಿದ್ದರು. ಕೊಟ್ಟವರು ಕೊಟ್ಟರು, ಇಲ್ಲದಿದ್ದರೆ ಇಲ್ಲ.

ಅಂಕಿ ಬರೆದರೂ ಅಳತೆ ಬರೆಯದಿದ್ದರೆ ಕಷ್ಟ. ನೈಟ್ರೇಟ್ ನೋಡಿ. ಅಮೆರಿಕದ ಮಿತಿ 10, ನಮ್ಮದು 45. ಮೇಲ್ನೋಟಕ್ಕೆ ನಾವು ನಾಲ್ಕೂವರೆ ಪಟ್ಟು ಸಡಿಲ ಬಿಟ್ಟಿದ್ದೇವೆ ಅನಿಸುತ್ತದೆ ಅಲ್ವಾ? ಇಲ್ಲ. ಅವರು ನೈಟ್ರೇಟ್‌ನಲ್ಲಿರುವ ನೈಟ್ರೋಜನ್ ಮಾತ್ರ ತೂಗುತ್ತಾರೆ, ನಾವು ಇಡೀ ನೈಟ್ರೇಟ್ ತೂಗುತ್ತೇವೆ. 10 ಮಿಲಿಗ್ರಾಂ ನೈಟ್ರೋಜನ್ ಅಂದರೆ ಸುಮಾರು 44 ಮಿಲಿಗ್ರಾಂ ನೈಟ್ರೇಟ್. ಎರಡೂ ಹೆಚ್ಚುಕಡಿಮೆ ಒಂದೇ ಮಿತಿ. ಈಗ ಒಂದು ವರದಿಯಲ್ಲಿ ಸುಮ್ನೆ ‘ನೈಟ್ರೇಟ್ 20’ ಅಂತಿದ್ದರೆ? ಒಂದು ಲೆಕ್ಕದಲ್ಲಿ ಮಿತಿಯ ಅರ್ಧಕ್ಕೂ ಕಡಿಮೆ, ಇನ್ನೊಂದು ಲೆಕ್ಕದಲ್ಲಿ ಮಿತಿಯ ಎರಡರಷ್ಟು. ಪುಟ್ಟ ಮಕ್ಕಳಿಗೆ ಬಾಟಲಿ ಹಾಲು ಕಲಸುವ ಮನೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಇನ್ನು ಫ್ಲಿಂಟ್ ನಗರದ ವಿಷಯ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸುದ್ದಿಯಲ್ಲಿ ಬಂದದ್ದು ಸೀಸದ ಪೈಪ್‌ಗಳ ಕಥೆ. ಆದರೆ ಅದು ವರದಿಯ ಕಥೆಯೂ ಹೌದು.

ಮಿಶಿಗನ್ ರಾಜ್ಯದ ಈ ಊರಿನಲ್ಲಿ ಸುಮಾರು ಒಂದು ಲಕ್ಷ ಜನ ಇದ್ದರು. 2014ರ ಏಪ್ರಿಲ್‌ನಲ್ಲಿ ದುಡ್ಡು ಉಳಿಸೋಕೆ ಅಂತ ಡೆಟ್ರಾಯಿಟ್‌ನಿಂದ ಬರುತ್ತಿದ್ದ ನೀರು ನಿಲ್ಲಿಸಿ ಫ್ಲಿಂಟ್ ನದಿಯ ನೀರು ಹರಿಸಿದರು. ಪೈಪ್ ಕೊರೆಯದ ಹಾಗೆ ಹಾಕಬೇಕಿದ್ದ ಫಾಸ್ಫೇಟ್ ಹಾಕಲಿಲ್ಲ. ಹಳೆಯ ಪೈಪ್‌ಗಳಿಂದ ಸೀಸ ಬಿಡತೊಡಗಿತು. ಸೀಸಕ್ಕೆ ಅಲ್ಲಿ ಒಂದು ವಿಚಿತ್ರ ಲೆಕ್ಕ ಇದೆ. ಪರೀಕ್ಷೆ ಮಾಡಿದ ಮನೆಗಳ ಅಂಕಿಗಳನ್ನೆಲ್ಲ ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ನಿಲ್ಲಿಸುತ್ತಾರೆ. ಹತ್ತು ಮನೆ ಇದ್ದರೆ ಒಂಬತ್ತನೇ ಮನೆಯ ಅಂಕಿಯನ್ನು ಊರಿನ ಅಂಕಿ ಅಂತ ತೆಗೆದುಕೊಳ್ಳುತ್ತಾರೆ. ಅದು 15 ಪಿಪಿಬಿ ದಾಟಿದರೆ ಕ್ರಮ ಶುರು ಮಾಡಬೇಕು, ಜನಕ್ಕೆ ಹೇಳಬೇಕು.

2015ರ ಮೊದಲ ಆರು ತಿಂಗಳಲ್ಲಿ ಫ್ಲಿಂಟ್‌ನಲ್ಲಿ 71 ಮಾದರಿ ತೆಗೆದಿದ್ದರು. ಕೊನೆಯ ವರದಿಯಲ್ಲಿ ಉಳಿದದ್ದು 69. ಎರಡನ್ನು ಕೈಬಿಟ್ಟಿದ್ದರು. ಎರಡೂ ಜಾಸ್ತಿ ಸೀಸ ಇದ್ದಂಥವು, ಅದರಲ್ಲಿ ಒಂದು 104 ಪಿಪಿಬಿ. ಆ ಮನೆಯಲ್ಲಿ ಫಿಲ್ಟರ್ ಇತ್ತು ಅನ್ನುವುದು ಕೊಟ್ಟ ಕಾರಣ. ಎರಡು ಮಾದರಿ ಹೋದದ್ದೇ ತಡ, ಊರಿನ ಅಂಕಿ 11 ಆಯಿತು. ಅವು ಇದ್ದಿದ್ದರೆ 15 ದಾಟುತ್ತಿತ್ತು. ಮೇಲೆ ಹೋದ ವರದಿ ಓದಿದವರಿಗೆ ಕಂಡದ್ದು 11 ಮಾತ್ರ. 71 ಅಂಕಿಗಳೂ ಒಂದೊಂದಾಗಿ, ಯಾವ ಮನೆ ಯಾವ ದಿನ ಅನ್ನುವ ಸಮೇತ ಮೇಲೆ ಹೋಗುವ ಪದ್ಧತಿ ಇದ್ದಿದ್ದರೆ ಎರಡು ಕಾಣೆಯಾದದ್ದು ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಕೊನೆಗೆ ಹೊರಗಿನ ವಿಶ್ವವಿದ್ಯಾಲಯದವರು ಬಂದು ತಾವೇ ನೀರು ಪರೀಕ್ಷೆ ಮಾಡಬೇಕಾಯಿತು. ಮಕ್ಕಳ ವೈದ್ಯೆ ಮೋನಾ ಹನ್ನಾ-ಅಟೀಶಾ ಮಕ್ಕಳ ರಕ್ತದಲ್ಲಿ ಸೀಸ ಏರಿದ್ದನ್ನು 2015ರ ಸೆಪ್ಟೆಂಬರ್‌ನಲ್ಲಿ ಎಲ್ಲರ ಮುಂದೆ ಇಡಬೇಕಾಯಿತು. ಅಕ್ಟೋಬರ್‌ನಲ್ಲಿ ಹಳೆಯ ನೀರು ವಾಪಸ್ ಬಂತು. ಅಷ್ಟರಲ್ಲಿ ಒಂದೂವರೆ ವರ್ಷ ಕಳೆದಿತ್ತು.

ಇನ್ನೂ ಒಂದು ಸಂಗತಿ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಪರೀಕ್ಷೆ ಮಾಡಬೇಕಾದದ್ದು ಮುಖ್ಯವಾಗಿ ಸೀಸದ ಪೈಪ್ ಇರುವ ಮನೆಗಳಲ್ಲಿ. ಫ್ಲಿಂಟ್‌ನಲ್ಲಿ ಯಾವ ಮನೆಗೆ ಯಾವ ಪೈಪ್ ಅನ್ನುವ ದಾಖಲೆ ಇದ್ದದ್ದು ಸುಮಾರು 45,000 ಕಾಗದದ ಕಾರ್ಡುಗಳಲ್ಲಿ. ಹಾಗಾಗಿ ಎಲ್ಲಿ ಮಾದರಿ ತೆಗೆಯಬೇಕು ಅನ್ನುವುದೇ ಸರಿಯಾಗಿ ಗೊತ್ತಿರಲಿಲ್ಲ. ಆಮೇಲೆ ಇಪಿಎ ದೇಶದ ಎಲ್ಲ ಊರುಗಳಿಗೂ 2024ರ ಅಕ್ಟೋಬರ್ 16ರೊಳಗೆ ಪೈಪ್‌ಗಳ ಪಟ್ಟಿ ಮಾಡಿ ಕೊಡಿ ಅಂತ ಗಡುವು ಕೊಟ್ಟದ್ದಕ್ಕೆ ಇಂಥ ಹಿನ್ನೆಲೆ ಇದೆ.

ಸರಿ, ಅಂಕಿ ಅಡಗಿಸುವುದು ಒಂದು ತೊಂದರೆ. ಪರೀಕ್ಷೆಯನ್ನೇ ಮಾಡದಿರುವುದು ಇನ್ನೊಂದು. ಉಲ್ಲಂಘನೆ ಮಾತ್ರ ವರದಿ ಮಾಡುವ ಕಡೆ ಪರೀಕ್ಷೆ ಮಾಡದ ಊರೂ ಸ್ವಚ್ಛವಾಗಿಯೇ ಕಾಣುತ್ತದೆ. ಪರೀಕ್ಷೆ ತಪ್ಪಿಸಿದರೆ ಅದೂ ಉಲ್ಲಂಘನೆಯೇ, ವರದಿ ಮಾಡಬೇಕು ಅಂತ ನಿಯಮ ಇದೆ. ಆದರೆ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2011ರಲ್ಲಿ ಕೊಟ್ಟ ವರದಿ ನೋಡಿ. 2009ರಲ್ಲಿ ಇಪಿಎ ತಪಾಸಣೆ ಮಾಡಿದ 14 ರಾಜ್ಯಗಳಲ್ಲಿ, ಆರೋಗ್ಯಕ್ಕೆ ಸಂಬಂಧಿಸಿದ ಉಲ್ಲಂಘನೆಗಳಲ್ಲಿ ಶೇ 26ರಷ್ಟು ವರದಿಯೇ ಆಗಿರಲಿಲ್ಲ ಅಥವಾ ತಪ್ಪಾಗಿ ವರದಿ ಆಗಿದ್ದವು. ಪರೀಕ್ಷೆ ತಪ್ಪಿಸಿದಂಥ ಉಲ್ಲಂಘನೆಗಳಲ್ಲಂತೂ ಅದು ಶೇ 84 ಅಂತ ಅಂದಾಜು. ದುಡ್ಡು, ಕಂಪ್ಯೂಟರ್, ಕಾನೂನು ಎಲ್ಲ ಇರುವ ದೇಶದ ಸ್ಥಿತಿ ಇದು.

ಅಂಕಿಗಳನ್ನೇ ಕೇಳಿದಾಗ ಈ ಆಟ ನಡೆಯುವುದು ಕಷ್ಟ. ವರ್ಷಕ್ಕೆ ನಾಲ್ಕು ಅಂಕಿ ಬರಬೇಕಾದ ಕಡೆ ಮೂರು ಬಂದರೆ ಖಾಲಿ ಜಾಗ ತಾನೇ ಕಾಣುತ್ತದೆ. ಅಂಕಿ 4, 5, 7, 9 ಅಂತ ಏರುತ್ತಿದ್ದರೆ 10 ದಾಟುವ ಮೊದಲೇ ಗೊತ್ತಾಗುತ್ತದೆ. ಬೆಂಕಿ ಹತ್ತಿದ ಮೇಲೆ ಬಾವಿ ತೋಡುವ ಪಾಡು ತಪ್ಪುತ್ತದೆ. ಜೊತೆಗೆ ಅಲ್ಲಿ ಪ್ರತಿಯೊಂದು ನೀರಿನ ವ್ಯವಸ್ಥೆಗೂ ಒಂದು ಗುರುತಿನ ಸಂಖ್ಯೆ ಇದೆ, ರಾಜ್ಯದ ಎರಡು ಅಕ್ಷರ, ಏಳು ಅಂಕಿ. ಅದರೊಳಗೆ ಪ್ರತಿ ಬಾವಿಗೆ, ಶುದ್ಧೀಕರಣ ಘಟಕಕ್ಕೆ, ಟ್ಯಾಂಕಿಗೆ ಬೇರೆ ಬೇರೆ ಗುರುತು. ಅಂಕಿಗೆ ಈ ಗುರುತು ಅಂಟಿಕೊಂಡಾಗ ಮಾತ್ರ ಅದಕ್ಕೆ ಬೆಲೆ. ‘ಊರಿನ ನೀರಲ್ಲಿ ಆರ್ಸೆನಿಕ್ 9’ ಅಂದರೆ ಏನು ಮಾಡಬೇಕು ಅಂತ ತಿಳಿಯದು. ‘ಮೂರನೇ ಬಾವಿಯಲ್ಲಿ 9’ ಅಂದರೆ ಆ ಬಾವಿ ನಿಲ್ಲಿಸಬಹುದು.

ಇದಕ್ಕೆ ಅಲ್ಲಿ ತಕರಾರೂ ಇದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬಹುಪಾಲು ವ್ಯವಸ್ಥೆಗಳು ಸಣ್ಣವು. ಎಷ್ಟೋ ಕಡೆ ಪಂಪ್ ಹಾಕುವವರು, ಬಿಲ್ ಬರೆಯುವವರು, ಮಾದರಿ ತೆಗೆಯುವವರು ಎಲ್ಲ ಒಬ್ಬರೇ. ಕೆಲಸದ ಹೊರೆ ಜಾಸ್ತಿ ಅನ್ನುವ ದೂರು ನಿಜ. ಆದರೆ ಹೊಸ ನಿಯಮ ಈ ಹೊರೆಯನ್ನು ಹಾಕಿರುವುದು ರಾಜ್ಯದ ಮೇಲೆ. ಅಂಕಿಗಳು ಆಗಲೇ ರಾಜ್ಯದ ಹತ್ತಿರ ಇವೆ, ಲ್ಯಾಬ್‌ನಿಂದ ನೇರವಾಗಿ ಕಂಪ್ಯೂಟರಿನಲ್ಲಿ ಕಳಿಸುವ ದಾರಿಯೂ ಇದೆ. ಹೊಸದಾಗಿ ಒಂದು ಮಾದರಿಯನ್ನೂ ತೆಗೆಯಬೇಕಿಲ್ಲ. ಇನ್ನೊಂದು ತಕರಾರು, ಜನ ಅಂಕಿ ನೋಡಿ ಸುಮ್ಮನೆ ಹೆದರುತ್ತಾರೆ ಅನ್ನುವುದು. ಇದನ್ನು ನಾನು ಒಪ್ಪುವುದಿಲ್ಲ. ಬಿಪಿ, ಶುಗರ್ ಎಷ್ಟು ಅಂತ ಹಳ್ಳಿಯ ಅಜ್ಜಿಯೂ ಹೇಳುತ್ತಾರೆ. ಎಷ್ಟಿದ್ದರೆ ಚಿಂತೆ ಮಾಡಬೇಕು ಅನ್ನುವುದೂ ಅವರಿಗೆ ಗೊತ್ತು. ನೀರಿನ ಅಂಕಿ ಅದಕ್ಕಿಂತ ಕಷ್ಟ ಏನಲ್ಲ.

ಅಮೆರಿಕದಲ್ಲಿರುವ ನಮ್ಮ ಕನ್ನಡದವರಿಗೆ ಇದರಲ್ಲಿ ನೇರವಾಗಿ ಸಿಗುವುದೂ ಒಂದಿದೆ. ಅಲ್ಲಿ ಪ್ರತಿ ವರ್ಷ ಜುಲೈ 1ರೊಳಗೆ ನಿಮ್ಮ ಊರಿನ ನೀರಿನ ವರದಿ ನಿಮಗೆ ತಲುಪಬೇಕು. ಬಿಲ್ ಜೊತೆಗೋ ಲಿಂಕ್ ಆಗಿಯೋ ಬರುತ್ತದೆ, ಬಹಳ ಜನ ತೆರೆಯದೇ ಬಿಡುತ್ತಾರೆ. 2024ರ ನಿಯಮದ ಪ್ರಕಾರ 10,000 ಅಥವಾ ಅದಕ್ಕಿಂತ ಜಾಸ್ತಿ ಜನಕ್ಕೆ ನೀರು ಕೊಡುವ ಕಡೆ 2027ರಿಂದ ವರ್ಷಕ್ಕೆ ಎರಡು ಸಲ, ಎರಡನೆಯದು ಡಿಸೆಂಬರ್ ಒಳಗೆ. ತೆರೆದು ನೋಡಿ. ಕಡಿಮೆ ಎಷ್ಟು, ಜಾಸ್ತಿ ಎಷ್ಟು ಅನ್ನುವ ಕಾಲಂ ಇರುತ್ತದೆ, ಸರಾಸರಿ ಬಿಟ್ಟು ಮೊದಲು ಅದನ್ನು ಓದಿ. ಹೋದ ವರ್ಷದ್ದನ್ನು ಪಕ್ಕಕ್ಕಿಟ್ಟು ನೋಡಿದರೆ ಇನ್ನೂ ಒಳ್ಳೆಯದು.

ನಮ್ಮಲ್ಲಿ ಹೇಗೆ? ನಲ್ಲಿ ನೀರಿಗೆ ಅಂಥ ಕಡ್ಡಾಯ ಕಾಯ್ದೆ ನಮ್ಮಲ್ಲಿ ಇಲ್ಲ. ಅಂಗಡಿಯ ಬಾಟಲಿ ನೀರಿಗೆ ಆಹಾರ ಸುರಕ್ಷತೆಯ ಕಾನೂನು ಇದೆ. ನಲ್ಲಿ ನೀರಿಗೆ ಐಎಸ್ 10500 ಇದೆ, ಆದರೆ ಅದನ್ನು ಪಾಲಿಸದಿದ್ದರೆ ಶಿಕ್ಷೆ ಇಲ್ಲ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್, ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’, ಈ ವಿಷಯದಲ್ಲಿ ಒಂದು ಒಳ್ಳೆಯ ಹೆಜ್ಜೆ ಇಟ್ಟಿತು. ನೀರಿನ ಮೂಲಗಳನ್ನು ವರ್ಷಕ್ಕೊಮ್ಮೆ ರಾಸಾಯನಿಕಕ್ಕೆ, ಎರಡು ಸಲ ಬ್ಯಾಕ್ಟೀರಿಯಾಕ್ಕೆ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಬೇಕು. ಪ್ರತಿ ಹಳ್ಳಿಯಲ್ಲಿ ಐದು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡಬೇಕು. ಫಲಿತಾಂಶವನ್ನು ವೆಬ್‌ಸೈಟಿಗೆ ಹಾಕಬೇಕು.

ಆ ಕಿಟ್‌ನಲ್ಲಿ ಒಂದು ಸಣ್ಣ ಬಾಟಲಿ ಇರುತ್ತದೆ. ಗೆರೆಯವರೆಗೆ ನೀರು ತುಂಬಿಸಿ ಮುಚ್ಚಿಟ್ಟು ಒಂದೆರಡು ದಿನ ಬಿಡಬೇಕು. ನೀರಿಗೆ ಕೊಳಚೆ ಸೇರಿದ್ದರೆ ಮಸಿ ಕಲಸಿದ ಹಾಗೆ ಕಪ್ಪಾಗುತ್ತದೆ. ನಮ್ಮೂರಿನ ಸಂಘದ ಅಕ್ಕ ಒಬ್ಬರು ಅದನ್ನು ಅಡುಗೆಮನೆಯ ಗೂಡಿನಲ್ಲಿ ಇಟ್ಟು, ಮಕ್ಕಳು ಮುಟ್ಟಬಾರದು ಅಂತ ಅರಿಶಿನದ ಡಬ್ಬದ ಹಿಂದೆ ಸರಿಸಿದ್ದರು. ಮೇಲೆ ಒಂದು ಚೀಟಿ ಅಂಟಿಸಿ ತಾರೀಖು ಬರೆದಿದ್ದರು. ಯಾವ ಬೋರ್‌ವೆಲ್ ಅಂತ ಬರೆದಿರಲಿಲ್ಲ. ನಮ್ಮೂರಲ್ಲಿ ಮೂರು ಬೋರ್‌ವೆಲ್ ಇವೆ, ಮೂರೂ ಒಂದೇ ಓವರ್‌ಹೆಡ್ ಟ್ಯಾಂಕಿಗೆ ಬೀಳುತ್ತವೆ, ಬೇಸಿಗೆಯಲ್ಲಿ ಎರಡು ನಿಂತು ಒಂದೇ ನಡೆಯುತ್ತದೆ. ನಲ್ಲಿಯಲ್ಲಿ ಹಿಡಿದ ನೀರು ಆ ದಿನ ಯಾವುದರದು? ನಮ್ಮ ಕಡೆ ಬಂಡೆಯ ಸಂದಿನ ನೀರು ಆಳಕ್ಕೆ ಹೋದ ಹಾಗೆ ಫ್ಲೋರೈಡ್ ಏರುವುದು ಸಾಮಾನ್ಯ. ಏಪ್ರಿಲ್‌ನಲ್ಲಿ ಒಂದು ಅಂಕಿ, ನವೆಂಬರ್‌ನಲ್ಲಿ ಇನ್ನೊಂದು ಬರುತ್ತದೆ. ವರ್ಷಕ್ಕೊಮ್ಮೆ ಮಳೆ ಮುಗಿದ ಮೇಲೆ ಪರೀಕ್ಷೆ ಮಾಡಿ ‘ಸರಿ ಇದೆ’ ಅಂದರೆ ಬೇಸಿಗೆಯ ನಾಲ್ಕು ತಿಂಗಳು ಮಕ್ಕಳು ಕುಡಿಯುವ ನೀರಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಬೇಕಾಗಿರುವುದು ಕಷ್ಟದ್ದಲ್ಲ. ಅಂಕಿ, ಅದರ ಅಳತೆ, ತಾರೀಖು, ಯಾವ ಬೋರ್‌ವೆಲ್ ಅಥವಾ ಯಾವ ಬೀದಿಯ ನಲ್ಲಿ, ಕಿಟ್‌ನಲ್ಲೋ ಲ್ಯಾಬ್‌ನಲ್ಲೋ. ಮಿತಿ ದಾಟಿದ್ದರೆ ಏನು ಮಾಡಿದರು, ಮತ್ತೆ ಪರೀಕ್ಷೆ ಮಾಡಿದಾಗ ಎಷ್ಟು ಬಂತು. ಪರೀಕ್ಷೆ ಮಾಡದಿದ್ದರೆ ಮಾಡಿಲ್ಲ ಅಂತಲೇ ಬರೆಯಬೇಕು. ಇದನ್ನು ವೆಬ್‌ಸೈಟಿನಲ್ಲಿ ಹಾಕಿದರೆ ಸಾಲದು, ಪಂಚಾಯ್ತಿ ಬೋರ್ಡಿನಲ್ಲೂ ಅಂಗನವಾಡಿ ಗೋಡೆಯಲ್ಲೂ ಹಾಕಬೇಕು. ಜೊತೆಗೆ ಒಂದು ಭರವಸೆಯೂ ಬೇಕು. ಕೆಟ್ಟ ಅಂಕಿ ಬರೆದವರಿಗೆ ನೋಟಿಸ್ ಕೊಟ್ಟರೆ ಮುಂದಿನ ಸಲ ಅವರು ಒಳ್ಳೆಯ ಅಂಕಿಯನ್ನೇ ಬರೆಯುತ್ತಾರೆ. ಬರೆದವರನ್ನು ಬೈಯದೆ ನೀರನ್ನು ಸರಿ ಮಾಡಿದರೆ ನಿಜ ಹೊರಗೆ ಬರುತ್ತದೆ.

2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಆ ಮನೆಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಕೊಳಚೆ ಸೇರಿದ ನೀರಿಗೆ ವರ್ಷಕ್ಕೆರಡು ಸಲದ ಲ್ಯಾಬ್ ವರದಿ ಸಾಲುವುದಿಲ್ಲ. ಅಲ್ಲಿ ಬೇಕಾಗುವುದು ದಿನದ ಅಂಕಿ, ಅಂದರೆ ಕ್ಲೋರಿನ್. ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಟ್ಯಾಂಕಿನ ಕೆಳಗೆ ಚೆನ್ನಾಗಿದ್ದು ಕೊನೆಯ ಮನೆಯಲ್ಲಿ ಸೊನ್ನೆ ಬಂದರೆ ನಡುವೆ ಪೈಪ್ ಒಡೆದು ಚರಂಡಿ ನೀರು ಸೇರುತ್ತಿರಬಹುದು. ಜನ ಆಸ್ಪತ್ರೆಗೆ ಹೋಗುವ ಮೊದಲೇ ಸಿಗುವ ಸುಳಿವು ಅದು.

ನೋಟ್‌ಬುಕ್ ನೋಡಿದ ಆ ದಿನ ಸಂಜೆ ನೀರುಗಂಟಿ ಅಣ್ಣನ ಜೊತೆ ಕಿಟ್ ಹಿಡಿದು ಹೋದೆ. ಟ್ಯಾಂಕಿನ ಕೆಳಗಿನ ನಲ್ಲಿಯಲ್ಲಿ ನೀರು ಹಿಡಿದು ಹನಿ ಹಾಕಿದರೆ ಹಳದಿ ಬಂತು, ಬಣ್ಣದ ಕಾರ್ಡಿಗೆ ಹಿಡಿದರೆ 0.5. ಕೆಳಗಿನ ಕೇರಿಯ ಕೊನೆಯ ಮನೆಯಲ್ಲಿ ಹಿಡಿದರೆ ಬಣ್ಣವೇ ಬರಲಿಲ್ಲ. ಇನ್ನೆರಡು ಹನಿ ಹಾಕಿದರು, ಬರಲಿಲ್ಲ. ಅಣ್ಣ ಸ್ವಲ್ಪ ಹೊತ್ತು ಗ್ಲಾಸನ್ನೇ ನೋಡುತ್ತಾ ನಿಂತು, ನೋಟ್‌ಬುಕ್ ತೆರೆದು ‘ಟ್ಯಾಂಕ್ 0.5, ಕೊನೆ ಮನೆ 0’ ಅಂತ ಬರೆದರು. ಮರುದಿನ ಬೆಳಿಗ್ಗೆ ಆ ಕೇರಿಯ ವಾಲ್ವ್ ಹತ್ತಿರ ಮಣ್ಣು ಬಗೆದು ನೋಡುತ್ತಿದ್ದರು.